ಹಳೇ ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೆ ಹಾಕಿಕೊಂಡರೆ ಏನಾದ್ರೂ ಲಾಭ ಇದೆಯಾ?

ಕಿಟಕಿಪಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ಕಂಪ್ಯೂಟರ್‌ನಲ್ಲಿ ಈಗ ಆರ್‌ಟಿಎಕ್ಸ್ 3070 ಇದೆ, 8 ಜಿಬಿ ಗ್ರಾಫಿಕ್ಸ್ ಮೆಮೊರಿ. ಅದಕ್ಕೂ ಮೊದಲು ಬಳಸುತ್ತಿದ್ದ ಜಿಟಿಎಕ್ಸ್ 1070 ಡಬ್ಬದಲ್ಲಿ ಸುಮ್ನೆ ಕೂತಿದೆ. ಅದೂ 8 ಜಿಬಿ. ಏನೂ ಕೆಟ್ಟಿಲ್ಲ, ಚೆನ್ನಾಗಿಯೇ ಓಡುತ್ತೆ. ಮದರ್‌ಬೋರ್ಡ್‌ನಲ್ಲಿ ಎರಡನೇ ಉದ್ದ ಸ್ಲಾಟ್ ಖಾಲಿ ಇದೆ.

ಮಿಕ್ಕ ವಿವರ: ರೈಜನ್ 5 5600ಎಕ್ಸ್, ಬಿ550 ಬೋರ್ಡ್, 32 ಜಿಬಿ ಡಿಡಿಆರ್4 3200, 650 ವ್ಯಾಟ್ ಪವರ್ ಸಪ್ಲೈ, 1440ಪಿ 144 ಹರ್ಟ್ಜ್ ಮಾನಿಟರ್, ವಿಂಡೋಸ್ 11. ಹೆಚ್ಚಾಗಿ ಗೇಮ್, ಆಮೇಲೆ ಬ್ಲೆಂಡರ್ (ತ್ರೀಡಿ ಚಿತ್ರ ಮಾಡುವ ಸಾಫ್ಟ್‌ವೇರ್). ಇತ್ತೀಚೆಗೆ ಭಾಷಾ ಮಾದರಿಗಳನ್ನು (ಚಾಟ್‌ಜಿಪಿಟಿ ಥರ ಪಠ್ಯ ಬರೆಯುವ ಎಐ) ನನ್ನ ಕಂಪ್ಯೂಟರಲ್ಲೇ ಓಡಿಸಿ ನೋಡ್ತಾ ಇದ್ದೀನಿ. ಅಲ್ಲಿ 8 ಜಿಬಿ ಸಾಲುತ್ತಿಲ್ಲ.

ಎರಡನ್ನೂ ಹಾಕಿದರೆ 16 ಜಿಬಿ ಆಗುತ್ತಾ? ಗೇಮ್ ಸ್ಪೀಡ್ ಹೆಚ್ಚುತ್ತಾ? ಇಲ್ಲ ಮಾರಿಬಿಡೋದೇ ಒಳ್ಳೇದಾ?

ಹಳೆಬೇರು:
ಮೊದಲು ಗೇಮ್ ವಿಷಯ ಹೇಳಿ ಮುಗಿಸ್ತೀನಿ. ಸ್ಪೀಡ್ ಹೆಚ್ಚಲ್ಲ. ಎರಡು ಕಾರ್ಡ್ ಸೇರಿ ಒಂದೇ ಗೇಮ್ ಓಡಿಸುವ ಕಾಲ ಹೋಯ್ತು.

ಹಿಂದೆ ಇದು ನಿಜವಾಗಲೂ ಇತ್ತು. 1998ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ2 ಕಾರ್ಡುಗಳನ್ನು ಜೋಡಿಸಿದರೆ, ಪರದೆಯ ಒಂದು ಗೆರೆ ಒಂದು ಕಾರ್ಡ್, ಪಕ್ಕದ ಗೆರೆ ಇನ್ನೊಂದು ಕಾರ್ಡ್ ಬಿಡಿಸುತ್ತಿತ್ತು. ಅದಕ್ಕೆ ಎಸ್‌ಎಲ್‌ಐ ಅಂತ ಹೆಸರು. 2004ರಲ್ಲಿ ಎನ್ವಿಡಿಯಾ ಅದೇ ಎಸ್‌ಎಲ್‌ಐ ಹೆಸರನ್ನು ಮತ್ತೆ ತಂದಿತು. ಮರುವರ್ಷ ಎಟಿಐ ಕಂಪನಿಯ ಇಂಥದ್ದೇ ಕ್ರಾಸ್‌ಫೈರ್ ಬಂತು. ಆಗ ಹೆಚ್ಚಾಗಿ ನಡೆಯುತ್ತಿದ್ದುದು ಒಂದು ಫ್ರೇಮ್ (ಪರದೆಯ ಒಂದು ಚಿತ್ರ) ಈ ಕಾರ್ಡ್, ಮುಂದಿನ ಫ್ರೇಮ್ ಆ ಕಾರ್ಡ್ ಎಂಬ ಸರದಿ.

ಆ ಸರದಿಗೆ ಏಟು ಬಿದ್ದಿದ್ದು ಗೇಮ್‌ಗಳ ಒಳಗಿನ ಬದಲಾವಣೆಯಿಂದ. ಈಗಿನ ಗೇಮ್‌ಗಳಲ್ಲಿ ಅಂಚುಗಳನ್ನು ನಯಗೊಳಿಸುವ ಟಿಎಎ, ಚಿಕ್ಕ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್ ಎಲ್ಲವೂ ಹಿಂದಿನ ಫ್ರೇಮ್‌ನ ಮಾಹಿತಿ ಇಟ್ಟುಕೊಂಡೇ ಮುಂದಿನದನ್ನು ಮಾಡುತ್ತವೆ. ಹಿಂದಿನ ಫ್ರೇಮ್ ಇನ್ನೊಂದು ಕಾರ್ಡಿನಲ್ಲಿದ್ದರೆ ಅದನ್ನು ತರಿಸಿಕೊಳ್ಳುವವರೆಗೆ ಕಾಯಬೇಕು. ಹಂಚಿಕೊಂಡ ಲಾಭವೆಲ್ಲ ಅಲ್ಲೇ ಕರಗುತ್ತೆ. ಕೊನೆಗೆ 2021ರ ಜನವರಿ 1ರಿಂದ ಎನ್ವಿಡಿಯಾ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಒಂದೊಂದು ಗೇಮ್‌ಗೂ ಬೇಕಾದ ಹೊಂದಾಣಿಕೆ) ಸೇರಿಸುವುದನ್ನೇ ನಿಲ್ಲಿಸಿತು. 30ರ ಸರಣಿಯಲ್ಲಿ ಜೋಡಿಸುವ ಕನೆಕ್ಟರ್ ಇದ್ದದ್ದು 3090 ಸಾಲಿಗೆ ಮಾತ್ರ. ನಿಮ್ಮ 3070ಯಲ್ಲಿ ಅದು ಇಲ್ಲವೇ ಇಲ್ಲ. ಇದ್ದಿದ್ದರೂ 1070 ಜೊತೆ ಸೇರುತ್ತಿರಲಿಲ್ಲ, ಎಸ್‌ಎಲ್‌ಐಗೆ ಎರಡೂ ಒಂದೇ ಮಾಡೆಲ್ ಆಗಿರಬೇಕಿತ್ತು.

ಕಿಟಕಿಪಕ್ಕ:
ಥ್ಯಾಂಕ್ಸ್. ಆದರೆ ಡೈರೆಕ್ಟ್‌ಎಕ್ಸ್ 12ರಲ್ಲಿ (ವಿಂಡೋಸ್ ಗೇಮ್‌ಗಳು ಕಾರ್ಡನ್ನು ಬಳಸುವ ವ್ಯವಸ್ಥೆ) ಬೇರೆ ಬೇರೆ ಕಾರ್ಡ್ ಸೇರಿಸಬಹುದು ಅಂತ ಎಲ್ಲೋ ಓದಿದ್ದೆ?

ಹಳೆಬೇರು:
ಸೇರಿಸಬಹುದು, ಗೇಮ್ ಬರೆದವರೇ ಅದಕ್ಕೆ ಕೋಡ್ ಬರೆದಿದ್ದರೆ. ‘ಆಶಸ್ ಆಫ್ ದಿ ಸಿಂಗ್ಯುಲಾರಿಟಿ’ ಗೇಮ್‌ನಲ್ಲಿ ಎಎಂಡಿ ಕಾರ್ಡನ್ನೂ ಎನ್ವಿಡಿಯಾ ಕಾರ್ಡನ್ನೂ ಒಟ್ಟಿಗೆ ದುಡಿಸಬಹುದಿತ್ತು. ತುಂಬಾ ಚೆನ್ನಾಗಿದ್ದ ಪ್ರಯತ್ನ. ಆದರೆ ಎರಡು ಕಾರ್ಡ್ ಇಟ್ಟುಕೊಂಡ ನಾಲ್ಕು ಜನಕ್ಕಾಗಿ ಅಷ್ಟು ಕೆಲಸ ಮಾಡೋಕೆ ಉಳಿದ ಸ್ಟುಡಿಯೋಗಳು ಒಪ್ಪಲಿಲ್ಲ. ಬೆರಳೆಣಿಕೆಯ ಗೇಮ್‌ಗಳಲ್ಲಿ ಅದು ನಿಂತುಹೋಯ್ತು.

ನೀಲಿಪರದೆ:
ಹಳೆಬೇರು ಸರ್ ಹೇಳಿದ್ದು ಸರಿ, ಆದರೆ ಗೇಮ್‌ಗೆ ಎರಡನೇ ಕಾರ್ಡ್ ಪೂರ್ತಿ ದಂಡ ಅನ್ನೋದಕ್ಕೆ ನನ್ನ ತಕರಾರಿದೆ. ಲಾಸ್‌ಲೆಸ್ ಸ್ಕೇಲಿಂಗ್ ಅಂತ ಒಂದು ಸಾಫ್ಟ್‌ವೇರ್ ಇದೆ. ಗೇಮ್ ಮಾಡಿದ ಎರಡು ಫ್ರೇಮ್‌ಗಳ ಮಧ್ಯೆ ಹೊಸ ಫ್ರೇಮ್ ಹುಟ್ಟಿಸುತ್ತೆ. ಒಂದೇ ಕಾರ್ಡಿನಲ್ಲಿ ಮಾಡಿದರೆ ಗೇಮ್‌ಗೆ ಸಿಗಬೇಕಾದ ಶಕ್ತಿಯಲ್ಲೇ ಒಂದು ಪಾಲು ಅದಕ್ಕೆ ಹೋಗುತ್ತೆ. ಆ ಕೆಲಸವನ್ನು ಹಳೇ ಕಾರ್ಡಿಗೆ ವಹಿಸಿದರೆ 3070 ಪೂರ್ತಿ ಗೇಮ್‌ಗೇ ಉಳಿಯುತ್ತೆ.

ಮಾನಿಟರ್ ಕೇಬಲ್ಲನ್ನು 1070ಗೆ ಚುಚ್ಚಬೇಕು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗೆ ಗ್ರಾಫಿಕ್ಸ್ ಅಂತ ಇರುತ್ತೆ, ಅಲ್ಲಿ ಗೇಮ್‌ಗೆ 3070 ಆರಿಸಬೇಕು. ಸಾಫ್ಟ್‌ವೇರ್ ಒಳಗೆ 1070 ಆರಿಸಬೇಕು. ಕೇಬಲ್ 3070ಯಲ್ಲೇ ಬಿಟ್ಟರೆ ಪ್ರತಿ ಚಿತ್ರ ಆ ಕಡೆ ಹೋಗಿ ಮತ್ತೆ ಈ ಕಡೆ ಬರಬೇಕು. ಆಗ ಪ್ರಯೋಜನ ಇಲ್ಲ.

ತಂತಿಜಾಲ:
ಸ್ಲಾಟ್ ತಡೆದುಕೊಳ್ಳುತ್ತಾ ಅಂತ ಲೆಕ್ಕ ಹಾಕೋಣ. ಬಿ550 ಬೋರ್ಡ್‌ಗಳಲ್ಲಿ ಎರಡನೇ ಉದ್ದ ಸ್ಲಾಟ್ ನೋಡೋಕೆ ಹದಿನಾರು ಲೇನಿನದ್ದು (ಲೇನ್ ಅಂದರೆ ಡೇಟಾ ಓಡಾಡುವ ದಾರಿ). ಒಳಗೆ ಸಾಮಾನ್ಯವಾಗಿ ನಾಲ್ಕೇ ಲೇನ್, ಅದೂ ಚಿಪ್‌ಸೆಟ್ (ಬೋರ್ಡಿನ ಸಹಾಯಕ ಚಿಪ್) ಮೂಲಕ ಪಿಸಿಐಇ 3.0 (ಸ್ಲಾಟಿನ ಸಂಪರ್ಕದ ಮಟ್ಟ). ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 3.9 ಜಿಬಿ.

1440ಪಿ ಚಿತ್ರ ಒಂದರಲ್ಲಿ 2560 × 1440 ಚುಕ್ಕೆ. ಚುಕ್ಕೆಗೆ 4 ಬೈಟ್ ಹಿಡಿದರೆ ಸುಮಾರು 14.7 ಎಂಬಿ. ಗೇಮ್ ಸೆಕೆಂಡಿಗೆ 72 ಫ್ರೇಮ್ ಕೊಟ್ಟರೆ ಹತ್ತಿರ ಹತ್ತಿರ 1.06 ಜಿಬಿ. ಆರಾಮಾಗಿ ಹೋಗುತ್ತೆ. ಅದೇ 4ಕೆ ಆದರೆ ಒಂದು ಚಿತ್ರ 33 ಎಂಬಿ. 60 ಫ್ರೇಮ್‌ಗೆ 2 ಜಿಬಿ, 120ಕ್ಕೆ 4 ಜಿಬಿ, ಅಲ್ಲಿಗೆ ದಾರಿ ಕಟ್ಟಿಕೊಳ್ಳುತ್ತೆ. ಚಿಪ್‌ಸೆಟ್ ದಾರಿಯಲ್ಲೇ ಯುಎಸ್‌ಬಿ, ನೆಟ್‌ವರ್ಕ್ ಎಲ್ಲ ಓಡಾಡ್ತಾವೆ ಅನ್ನೋದನ್ನೂ ಮರೀಬೇಡಿ. ಕಿಟಕಿಪಕ್ಕ ಅವರ ಮಾನಿಟರ್‌ಗೆ ತೊಂದರೆ ಇಲ್ಲ.

ಹಳೆಬೇರು:
ಫ್ರೇಮ್ ಸಂಖ್ಯೆ ಏರಿದ್ದನ್ನು ಸ್ಪೀಡ್ ಏರಿತು ಅಂತ ಎಣಿಸಬಾರದು ನೀಲಿಪರದೆ. ಮಧ್ಯದ ಫ್ರೇಮ್ ಹುಟ್ಟಿಸಬೇಕಾದರೆ ಮುಂದಿನ ನಿಜವಾದ ಫ್ರೇಮ್ ಬರುವವರೆಗೆ ಕಾಯಲೇಬೇಕು. ಮೌಸ್ ತಿರುಗಿಸಿದ್ದು ಪರದೆಯಲ್ಲಿ ಕಾಣೋದು ತಡವಾಗುತ್ತೆ. ಮೂಲ ಫ್ರೇಮ್ 40ರ ಆಸುಪಾಸು ಇದ್ದರೆ ಅಂಚುಗಳೆಲ್ಲ ಕಲಸಿಹೋಗುತ್ತವೆ. ಕ್ಯಾಮೆರಾ ಬೇಗ ತಿರುಗಿಸಿದಾಗ ಪಾತ್ರದ ತಲೆಯ ಸುತ್ತ ಒಂಥರಾ ನೀರಿನ ಅಲೆಯ ಹಾಗೆ ಕಾಣುತ್ತೆ. ಗುರಿ ಹಿಡಿದು ಹೊಡೆಯುವ ಗೇಮ್ ಆಡುವವರಿಗೆ ನಾನು ಇದನ್ನು ಹೇಳೋದಿಲ್ಲ.

ನೀಲಿಪರದೆ:
ಒಪ್ಪಿದೆ. ಮೂಲದಲ್ಲೇ 60 ದಾಟಿರಬೇಕು. ಆದರೆ ಕಥೆ ಇರುವ, ನಿಧಾನಕ್ಕೆ ಆಡುವ ಗೇಮ್‌ಗಳಲ್ಲಿ 70ನ್ನು 140 ಮಾಡಿ ನೋಡಿ, ಮತ್ತೆ ಹಿಂದಕ್ಕೆ ಹೋಗೋಕೆ ಮನಸ್ಸಾಗಲ್ಲ. ತಡವೂ ಎರಡು ಕಾರ್ಡ್ ಇದ್ದಾಗ ಒಂದೇ ಕಾರ್ಡಿನಲ್ಲಿ ಮಾಡಿದ್ದಕ್ಕಿಂತ ಕಡಿಮೆ ಅನ್ನಿಸುತ್ತೆ, ಯಾಕಂದ್ರೆ ಮೂಲ ಫ್ರೇಮ್ ಸಂಖ್ಯೆ ಕುಸಿಯಲ್ಲ. ಡಬ್ಬದಲ್ಲಿ ಕೂತಿರೋ ಕಾರ್ಡಿಗೆ ಇದು ಕೆಲಸವೇ ಅಲ್ವಾ?

ಬಿಟ್‌ಬೈಟ್:
ಕಿಟಕಿಪಕ್ಕ ಅವರೇ, ನಿಮ್ಮ ಮೂರು ಕೆಲಸಗಳಲ್ಲಿ ಎರಡನೇ ಕಾರ್ಡ್ ನಿಜವಾಗಿ ಮೈ ಬಗ್ಗಿಸಿ ದುಡಿಯೋದು ಭಾಷಾ ಮಾದರಿಯಲ್ಲಿ. ಗೇಮ್‌ನಲ್ಲಿ 8 ಮತ್ತು 8 ಸೇರಿದರೂ 8 ಜಿಬಿಯೇ. ಇಲ್ಲಿ ಮಾತ್ರ ಸೇರಿದರೆ 16.

ಕಾರಣ ಸರಳ. ಮಾದರಿ ಅಂದರೆ ಒಂದರ ಮೇಲೊಂದು ಪದರ. ಲಾಮಾ.ಸಿಪಿಪಿ ಥರದ ಸಾಫ್ಟ್‌ವೇರ್ ಒಂದಷ್ಟು ಪದರ ಈ ಕಾರ್ಡಿನಲ್ಲಿ, ಮಿಕ್ಕಿದ್ದು ಆ ಕಾರ್ಡಿನಲ್ಲಿ ಇಡುತ್ತೆ. ಮೊದಲ ಕಾರ್ಡ್ ತನ್ನ ಪಾಲು ಮುಗಿಸಿ ಫಲಿತಾಂಶವನ್ನಷ್ಟೇ ಎರಡನೆಯದಕ್ಕೆ ದಾಟಿಸುತ್ತೆ. ಅದು ತುಂಬಾ ಸಣ್ಣ ಗಂಟು. ಹಾಗಾಗಿ ನಾಲ್ಕು ಲೇನ್ ಸ್ಲಾಟ್ ಆದರೂ ಪರವಾಗಿಲ್ಲ. ಮಾದರಿ ಲೋಡ್ ಆಗೋಕೆ ಮಾತ್ರ ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತೆ.

ಈಗ ಅಂಕಿ ನೋಡಿ. 14 ಬಿಲಿಯನ್ ಪ್ಯಾರಾಮೀಟರ್‌ನ (ಮಾದರಿ ಕಲಿತಿಟ್ಟ ಅಂಕಿಗಳು) ಮಾದರಿಯಲ್ಲಿ ಒಂದೊಂದು ಅಂಕಿಯನ್ನೂ 4 ಬಿಟ್‌ಗೆ ಇಳಿಸಿದರೆ ಫೈಲು ಸುಮಾರು 9 ಜಿಬಿ. ನಿಮ್ಮ 3070 ಒಂದರಲ್ಲೇ ಹಿಡಿಸಲ್ಲ. ಒಂದೊಂದು ಟೋಕನ್ (ಪದ ಅಥವಾ ಪದದ ತುಣುಕು) ಹೊರಡಿಸುವಾಗಲೂ ಆ 9 ಜಿಬಿಯನ್ನೂ ಒಮ್ಮೆ ಓದಬೇಕು. ಅಂದರೆ ಮೆಮೊರಿ ಓದುವ ವೇಗವೇ ನಿಮ್ಮ ವೇಗ. 3070ಗೆ ಅದು ಸೆಕೆಂಡಿಗೆ 448 ಜಿಬಿ, 1070ಗೆ 256 ಜಿಬಿ, ನಿಮ್ಮ ಡಿಡಿಆರ್4 3200 ಎರಡು ಚಾನೆಲ್‌ಗೆ ಬರೀ 51.2 ಜಿಬಿ.

ಒಂದೇ ಕಾರ್ಡ್: 6.5 ಜಿಬಿ 3070ಯಲ್ಲಿ, 2.5 ಜಿಬಿ ರ‍್ಯಾಮ್‌ನಲ್ಲಿ. ಕಾರ್ಡಿನ ಪಾಲಿಗೆ 14.5 ಮಿಲಿಸೆಕೆಂಡ್, ರ‍್ಯಾಮ್ ಪಾಲಿಗೆ 49. ಒಟ್ಟು 63ರ ಮೇಲೆ. ಸೆಕೆಂಡಿಗೆ 16 ಟೋಕನ್ ದಾಟಲ್ಲ.

ಎರಡು ಕಾರ್ಡ್: 5.5 ಜಿಬಿ 3070ಯಲ್ಲಿ, 3.5 ಜಿಬಿ 1070ಯಲ್ಲಿ. 12.3 ಮತ್ತು 13.7, ಒಟ್ಟು 26 ಮಿಲಿಸೆಕೆಂಡ್. ಸೆಕೆಂಡಿಗೆ 38ರವರೆಗೆ.

ಇದು ಕಾಗದದ ಮೇಲಿನ ಗರಿಷ್ಠ, ನಿಜದಲ್ಲಿ ಎರಡೂ ಇದಕ್ಕಿಂತ ಕಡಿಮೆ ಬರುತ್ತವೆ. ಆದರೆ ವ್ಯತ್ಯಾಸ ಎಲ್ಲಿಂದ ಬರುತ್ತೆ ಅಂತ ಗಮನಿಸಿ. 1070 ಹಳೇದು ನಿಜ, ಆದರೂ ನಿಮ್ಮ ರ‍್ಯಾಮ್‌ಗಿಂತ ಐದು ಪಟ್ಟು ವೇಗ. ಅದಕ್ಕೇ ನಾನು ಹಳೇ ಕಾರ್ಡನ್ನು ಹೊಸ ಕಾರ್ಡಿನ ಜೊತೆ ಹೋಲಿಸಬೇಡಿ ಅನ್ನೋದು. ಅದು ಇಲ್ಲದಿದ್ದಾಗ ಆ ಕೆಲಸ ಯಾರ ತಲೆಗೆ ಬೀಳುತ್ತಿತ್ತೋ ಅದರ ಜೊತೆ ಹೋಲಿಸಿ.

ಕಿಟಕಿಪಕ್ಕ:
ಈ ಲೆಕ್ಕ ಬಹಳ ಉಪಯೋಗ ಆಯ್ತು ಸರ್. ಉದ್ದನೆಯ ಪಠ್ಯ ಕೊಟ್ಟಾಗಲೂ ಹೀಗೇ ಇರುತ್ತಾ?

ಬಿಟ್‌ಬೈಟ್:
ಇಲ್ಲ. ನೀವು ಕೊಟ್ಟ ಪಠ್ಯವನ್ನು ಮೊದಲು ಓದಿಕೊಳ್ಳುವ ಹಂತದಲ್ಲಿ ಲೆಕ್ಕದ ಶಕ್ತಿ ಬೇಕು, ಅಲ್ಲಿ 1070 ಸೋಲುತ್ತೆ. ಅದರಲ್ಲಿ ಟೆನ್ಸರ್ ಕೋರ್ (ಎಐ ಲೆಕ್ಕಕ್ಕೆಂದೇ ಇರುವ ಭಾಗ) ಇಲ್ಲ. ಇಪ್ಪತ್ತು ಪುಟದ ದಾಖಲೆ ಕೊಟ್ಟರೆ ಮೊದಲ ಪದ ಬರೋಕೆ ಕಾಯಬೇಕಾಗುತ್ತೆ. ದಾಖಲೆ ಉದ್ದ ಆದಷ್ಟೂ ಮೆಮೊರಿಯೂ ಜಾಸ್ತಿ ತಿನ್ನುತ್ತೆ, 16ರಲ್ಲಿ ಮಿಕ್ಕ ಜಾಗ ಅದಕ್ಕೆ ಇರಲಿ.

ಚಿತ್ರ ಹುಟ್ಟಿಸುವ ಮಾದರಿಗಳ ಕಥೆ ಬೇರೆ. ಅವು ಹೀಗೆ ಸುಲಭಕ್ಕೆ ಹಂಚಿಕೆ ಆಗಲ್ಲ. 16 ಬಿಟ್ ಲೆಕ್ಕದಲ್ಲಿ 1070ಯ ವೇಗ, ಅದರದೇ 32 ಬಿಟ್ ವೇಗದ ಅರವತ್ತನಾಲ್ಕನೇ ಒಂದು ಭಾಗ. ಅಲ್ಲಿ ಆಸೆ ಇಟ್ಟುಕೊಳ್ಳಬೇಡಿ.

ರೆಂಡರ್‌ರಾತ್ರಿ:
ಬ್ಲೆಂಡರ್ ಬಗ್ಗೆ ನಾನು ಹೇಳ್ತೀನಿ. ದೃಶ್ಯವನ್ನು ಅಂತಿಮ ಚಿತ್ರವಾಗಿ ರೆಂಡರ್ ಮಾಡುವ ಅದರ ಸೈಕಲ್ಸ್ ಎಂಬ ಭಾಗಕ್ಕೆ ಎರಡು ಕಾರ್ಡ್ ಬೇರೆ ಬೇರೆ ಆಗಿದ್ದರೂ ಪರವಾಗಿಲ್ಲ. ಪ್ರಿಫರೆನ್ಸಸ್, ಸಿಸ್ಟಮ್ ಒಳಗೆ ಎರಡಕ್ಕೂ ಟಿಕ್ ಹಾಕಿದರೆ ಆಯ್ತು, ಕೆಲಸ ತಾನೇ ಹಂಚಿಕೊಳ್ಳುತ್ತವೆ. ಆದರೆ ಪೂರ್ತಿ ದೃಶ್ಯದ ಒಂದೊಂದು ಪ್ರತಿ ಎರಡೂ ಕಾರ್ಡಿನಲ್ಲಿ ಇರಬೇಕು. ಇಲ್ಲಿ ಮೆಮೊರಿ ಕೂಡಿಕೊಳ್ಳಲ್ಲ.

ಇನ್ನೊಂದು, 3070ಯಲ್ಲಿ ಕಿರಣಗಳ ಲೆಕ್ಕಕ್ಕೇ ಆರ್‌ಟಿ ಕೋರ್ ಇವೆ, 1070ಯಲ್ಲಿ ಇಲ್ಲ. ಆಪ್ಟಿಕ್ಸ್‌ನಲ್ಲಿ (ಸೈಕಲ್ಸ್ ಎನ್ವಿಡಿಯಾ ಕಾರ್ಡ್ ಬಳಸುವ ಒಂದು ವಿಧಾನ) 1070 ಓಡುತ್ತೆ, ಆದರೆ ಕೊಡೋ ಪಾಲು ಸಣ್ಣದು. ನಿಮ್ಮದೇ ಒಂದು ದೃಶ್ಯವನ್ನು 3070 ಒಂದರಲ್ಲಿ ಒಮ್ಮೆ, ಎರಡರಲ್ಲೂ ಒಮ್ಮೆ ರೆಂಡರ್ ಮಾಡಿ ನೋಡಿ. ಉಳಿದ ಸಮಯಕ್ಕೆ 150 ವ್ಯಾಟ್ ಕರೆಂಟು, ಅದರ ಬಿಸಿ, ಅದರ ಸದ್ದು ಸಮ ಅನ್ನಿಸುತ್ತಾ ಅಂತ ನೀವೇ ತೀರ್ಮಾನ ಮಾಡಿ.

ನಾನಾದರೆ 1070ಯನ್ನು ರೆಂಡರ್‌ಗೆ ಹಚ್ಚಲ್ಲ. ಮಾನಿಟರನ್ನು ಅದಕ್ಕೆ ಚುಚ್ಚಿ, ರೆಂಡರ್ ಕೆಲಸಕ್ಕೆ 3070 ಒಂದಕ್ಕೇ ಟಿಕ್ ಹಾಕ್ತೀನಿ. ಡೆಸ್ಕ್‌ಟಾಪ್, ಬ್ರೌಸರ್, ಇವೆಲ್ಲ ಸೇರಿ ಗ್ರಾಫಿಕ್ಸ್ ಮೆಮೊರಿಯಲ್ಲಿ ನೂರಾರು ಎಂಬಿ ತಿಂತಾ ಇರ್ತಾವೆ. ಅದು 1070ಯ ಮೇಲೆ ಹೋದರೆ 3070ಯ 8 ಜಿಬಿ ಬಹುತೇಕ ರೆಂಡರ್‌ಗೇ ಸಿಗುತ್ತೆ. ದೊಡ್ಡ ಟೆಕ್ಸ್ಚರ್ ಹಾಕಿ ಅಂಚಿಗೆ ಬಂದು ನಿಂತ ದೃಶ್ಯಗಳಲ್ಲಿ ಆ ಚೂರು ಜಾಗದಿಂದಲೇ ಕೆಲಸ ಮುಗಿಯುತ್ತೆ. ರೆಂಡರ್ ಆಗ್ತಾ ಇರುವಾಗ ಪರದೆ ತಡವರಿಸೋದೂ ನಿಲ್ಲುತ್ತೆ. ಆರಾಮಾಗಿ ಬೇರೆ ಕೆಲಸ ಮಾಡ್ಕೋಬಹುದು.

ತಂತಿಜಾಲ:
ಪವರ್ ಬಗ್ಗೆ ಯಾರೂ ಮಾತಾಡಿಲ್ಲ, ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ.

3070 220 ವ್ಯಾಟ್, 1070 150, ಪ್ರೊಸೆಸರ್ ಹೆಚ್ಚೆಂದರೆ 76, ಮಿಕ್ಕಿದ್ದೆಲ್ಲ ಒಂದು 50. ಹೆಚ್ಚು ಕಡಿಮೆ 500. ಒಳ್ಳೆ ಗುಣಮಟ್ಟದ 650 ವ್ಯಾಟ್ ಸಪ್ಲೈ ಆದರೆ ನಡೆಯುತ್ತೆ. ಆದರೆ 30ರ ಸರಣಿಯ ಕಾರ್ಡುಗಳು ಕ್ಷಣಮಾತ್ರ ತಮ್ಮ ಮಿತಿಗಿಂತ ತುಂಬಾ ಮೇಲೆ ಎಳೆಯುತ್ತವೆ. ಭಾಷಾ ಮಾದರಿಯಲ್ಲಿ ಎರಡು ಕಾರ್ಡ್ ಸರದಿಯಲ್ಲಿ ದುಡಿಯೋದರಿಂದ ಒಟ್ಟಿಗೆ ಪೂರ್ತಿ ಎಳೆಯಲ್ಲ. ಫ್ರೇಮ್ ಹುಟ್ಟಿಸುವಾಗ ಎರಡೂ ಒಟ್ಟಿಗೆ ದುಡಿಯುತ್ತವೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಎನ್ವಿಡಿಯಾ ಎಸ್‌ಎಂಐ ಕಮಾಂಡ್‌ನಿಂದ 1070ಯ ವ್ಯಾಟ್ ಮಿತಿಯನ್ನು ಒಂದಷ್ಟು ಇಳಿಸಿಬಿಡಿ. ರೀಸ್ಟಾರ್ಟ್ ಆದಾಗ ಅದು ಹಳೇ ಮಿತಿಗೆ ಹೋಗುತ್ತೆ, ಮತ್ತೆ ಕೊಡಬೇಕು.

ಕೇಬಲ್ ವಿಷಯ. 1070ಗೆ ಎಂಟು ಪಿನ್‌ನದು ಸಪ್ಲೈಯಿಂದಲೇ ನೇರವಾಗಿ ಬರಬೇಕು. ಆ ಕನೆಕ್ಟರ್ 150 ವ್ಯಾಟ್‌ಗೆ ಅಂತಲೇ ಮಾಡಿದ್ದು. ಸಾಟಾ ಕನೆಕ್ಟರ್‌ನ 12 ವೋಲ್ಟ್ ಮಿತಿ 54 ವ್ಯಾಟ್. ಸಾಟಾದಿಂದ ಎಂಟು ಪಿನ್ ಮಾಡುವ ಅಡಾಪ್ಟರ್ ಸಿಗುತ್ತೆ ಅಂತ ಹಾಕಿದರೆ ಪ್ಲಾಸ್ಟಿಕ್ ಕರಗುತ್ತೆ, ಬೆಂಕಿಯೂ ಹತ್ತಬಹುದು. ಬೇರೆ ಸಪ್ಲೈಯ ಕೇಬಲ್ ಮನೆಯಲ್ಲಿದ್ದರೂ ಮುಟ್ಟಬೇಡಿ. ಕಾರ್ಡಿನ ಕಡೆಯ ತುದಿ ಒಂದೇ ಥರ ಇರುತ್ತೆ, ಸಪ್ಲೈ ಕಡೆಯ ಪಿನ್ ಜೋಡಣೆ ಒಂದೊಂದು ಕಂಪನಿದು ಒಂದೊಂದು ಥರ. ಚುಚ್ಚಿಕೊಳ್ಳುತ್ತೆ, ಆದರೆ ಕಾರ್ಡ್ ಸುಟ್ಟುಹೋಗುತ್ತೆ.

ಗಾಳಿ ಕೂಡ. 3070 ಮೇಲಿನ ಸ್ಲಾಟಿನಲ್ಲೇ ಇರಲಿ. ಕೆಳಗಿನ ಕಾರ್ಡ್ ಅದರ ಫ್ಯಾನ್‌ಗೆ ಅಂಟಿಕೊಂಡರೆ ಮೇಲಿನದು ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತೆ. ಮಧ್ಯೆ ಕನಿಷ್ಠ ಒಂದು ಸ್ಲಾಟ್ ಅಗಲ ಬಿಡುವು ಬೇಕು.

ಹಳೆಬೇರು:
ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ವಿಷಯವನ್ನೂ ಸೇರಿಸ್ತೀನಿ. ನನಗೆ ಇದೇ ದೊಡ್ಡ ಅಡ್ಡಿ ಅನ್ನಿಸುತ್ತೆ. ಎರಡೂ ಎನ್ವಿಡಿಯಾ ಆದ್ದರಿಂದ ಎರಡಕ್ಕೂ ಒಂದೇ ಡ್ರೈವರ್. 1070 ಇರುವ 10ರ ಸರಣಿಗೆ ಗೇಮ್ ರೆಡಿ ಡ್ರೈವರ್ 2025ರ ಅಕ್ಟೋಬರ್‌ಗೆ ಮುಗಿಯಿತು. 580ರ ಶಾಖೆಯೇ ಕೊನೆ. ಆಮೇಲೆ 2028ರ ಅಕ್ಟೋಬರ್‌ವರೆಗೆ ಭದ್ರತೆಯ ಅಪ್‌ಡೇಟ್ ಮಾತ್ರ. ಅಂದರೆ 1070 ಒಳಗಿರುವವರೆಗೆ ನಿಮ್ಮ 3070 ಕೂಡ 580ರಲ್ಲೇ ನಿಲ್ಲಬೇಕು. ಹೊಸ ಗೇಮ್‌ಗೆ ಹೊಸ ಡ್ರೈವರ್ ಬೇಕಾದ ದಿನ ಒಂದನ್ನು ಆರಿಸಬೇಕಾಗುತ್ತೆ. ಇನ್ನೂ ಹಿಂದಿನ 600, 700ರ ಕೆಪ್ಲರ್ ಕಾರ್ಡ್ ಇಟ್ಟುಕೊಂಡವರು ಪ್ರಯತ್ನವೇ ಮಾಡಬೇಡಿ. ಅವು 470ರ ಶಾಖೆಗೇ ನಿಂತಿವೆ.

ಬಿಟ್‌ಬೈಟ್:
ಹೌದು, ಕೂಡಾದ (CUDA, ಎನ್ವಿಡಿಯಾ ಕಾರ್ಡಿನಲ್ಲಿ ಲೆಕ್ಕದ ಕೆಲಸ ಓಡಿಸುವ ಸಾಫ್ಟ್‌ವೇರ್) 13ನೇ ಆವೃತ್ತಿಯಲ್ಲೂ ಪ್ಯಾಸ್ಕಲ್, ಅಂದರೆ 10ರ ಸರಣಿಯನ್ನು ಕೈಬಿಟ್ಟಿದ್ದಾರೆ. ಲಾಮಾ.ಸಿಪಿಪಿ ಇಳಿಸಿಕೊಳ್ಳುವಾಗ ಕೂಡಾ 12ರ ಬಿಲ್ಡ್ (ಅದಕ್ಕೆ ಹೊಂದುವ ಸಿದ್ಧ ಆವೃತ್ತಿ) ಆರಿಸಿ. ಇಲ್ಲಾಂದ್ರೆ 1070 ಕೆಲಸ ಮಾಡಲ್ಲ, ಕಾರ್ಡ್ ಕೆಟ್ಟಿದೆ ಅಂತ ಅಂದುಕೊಂಡು ತಲೆ ಕೆಡಿಸಿಕೊಳ್ತೀರಿ.

ನೀಲಿಪರದೆ:
ಫಿಸ್‌ಎಕ್ಸ್‌ಗೆ (ಗೇಮ್‌ನಲ್ಲಿ ಹೊಗೆ, ಬಟ್ಟೆ, ಚೂರುಗಳ ಚಲನೆಯ ಲೆಕ್ಕ ಹಾಕುವ ಎನ್ವಿಡಿಯಾ ಸಾಫ್ಟ್‌ವೇರ್) ಹಳೇ ಕಾರ್ಡ್ ಇಡೋದರ ಬಗ್ಗೆ?

ಹಳೆಬೇರು:
ಇವರಿಗೆ ಬೇಡ. 3070 ತಾನೇ ಮಾಡಿಕೊಳ್ಳುತ್ತೆ. ಅದು 50ರ ಸರಣಿಯವರ ಸಮಸ್ಯೆ. ಅವುಗಳಲ್ಲಿ 32 ಬಿಟ್ CUDA ಬೆಂಬಲ ತೆಗೆದಿದ್ದರಿಂದ ‘ಬಾರ್ಡರ್‌ಲ್ಯಾಂಡ್ಸ್ 2’ ಥರದ ಹಳೇ ಗೇಮ್‌ಗಳಲ್ಲಿ ಫಿಸ್‌ಎಕ್ಸ್ ಹಾಕಿದರೆ ಆ ಲೆಕ್ಕವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಗೇಮ್ ಕುಂಟುತ್ತಿತ್ತು. ಅದಕ್ಕೇ ಒಂದಷ್ಟು ಜನ ಹಳೇ ಕಾರ್ಡನ್ನು ಜೊತೆಗೆ ಹಾಕಿಕೊಂಡರು. ಆಮೇಲೆ ಆಯ್ದ ಕೆಲವು ಗೇಮ್‌ಗಳಿಗೆ ಎನ್ವಿಡಿಯಾ ಡ್ರೈವರ್‌ನಲ್ಲೇ ಸರಿಮಾಡಿ ಕೊಟ್ಟಿದೆ.

ಕಿಟಕಿಪಕ್ಕ:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ವಂದನೆ. ಬೋರ್ಡ್‌ನ ಕೈಪಿಡಿ ತೆಗೆದು ನೋಡಿದೆ. ಎರಡನೇ ಉದ್ದ ಸ್ಲಾಟೂ ಎಸ್‌ಎಸ್‌ಡಿ ಕೂರಿಸುವ ಎರಡನೇ ಎಂ.2 ಸ್ಲಾಟೂ ಒಂದೇ ಲೇನ್ ಹಂಚಿಕೊಳ್ಳುತ್ತವಂತೆ. ಕಾರ್ಡ್ ಹಾಕಿದರೆ ಆ ಎಂ.2 ಬಂದ್. ನನ್ನ ಬ್ಲೆಂಡರ್ ಪ್ರಾಜೆಕ್ಟ್ ಎಲ್ಲ ಅದರಲ್ಲೇ ಇವೆ. ಎಂಟು ಪಿನ್ ಕೇಬಲ್ ಒಂದು ಬಿಡಿ ಇದೆ, ಆ ಚಿಂತೆ ಇಲ್ಲ.

ತಂತಿಜಾಲ:
ಬಿ550ರಲ್ಲಿ ಬಹಳ ಬೋರ್ಡ್ ಹೀಗೇ. ಒಳ್ಳೇದಾಯ್ತು ಮೊದಲೇ ನೋಡಿದ್ದು. ಇಲ್ಲದಿದ್ದರೆ ಡ್ರೈವ್ ಮಾಯ ಆಯ್ತು ಅಂತ ಗಾಬರಿ ಆಗ್ತಿದ್ರಿ. ಪ್ರಾಜೆಕ್ಟ್ ಫೈಲ್ ಎಲ್ಲ ಮೊದಲನೇ ಎಂ.2ಗೆ ದಾಟಿಸಿ, ಜಾಗ ಸಾಲದಿದ್ದರೆ ಗೇಮ್‌ಗಳನ್ನು ಒಂದು ಸಾಟಾ ಎಸ್‌ಎಸ್‌ಡಿಗೆ ಹಾಕಿ. ಬ್ಯಾಕಪ್ ಇಲ್ಲದೆ ಮಾತ್ರ ಕೈ ಹಾಕಬೇಡಿ. ಕಾರ್ಡ್ ಕೂರಿಸಿದ ಮೇಲೆ ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್) ತೆರೆದು ಬಸ್ ಇಂಟರ್‌ಫೇಸ್ ನೋಡಿ. ಅದರ ಪಕ್ಕದ ಪ್ರಶ್ನೆ ಗುರುತು ಒತ್ತಿ ರೆಂಡರ್ ಟೆಸ್ಟ್ ಓಡಿಸಿದಾಗ ನಾಲ್ಕು ಲೇನ್, 3.0 ಅಂತ ತೋರಿಸಬೇಕು. ಸುಮ್ನೆ ಇರುವಾಗ 1.1 ತೋರಿಸಿದರೆ ಹೆದರಬೇಡಿ, ಕರೆಂಟು ಉಳಿಸೋಕೆ ತಾನೇ ಇಳಿಯುತ್ತೆ.

ರೆಂಡರ್‌ರಾತ್ರಿ:
ಇಷ್ಟೆಲ್ಲ ತೊಂದರೆ ಇದ್ದರೆ ನಾನು ಎರಡನ್ನೂ ಮಾರಿ 16 ಜಿಬಿಯ ಒಂದೇ ಕಾರ್ಡ್ ಕಡೆ ನೋಡ್ತಿದ್ದೆ. ಬ್ಲೆಂಡರ್‌ಗೆ ನಿಜವಾದ 16 ಜಿಬಿ ಸಿಗುತ್ತೆ, ಗೇಮ್‌ಗೂ ಸಿಗುತ್ತೆ, ಡ್ರೈವರ್ ತಕರಾರು ಇಲ್ಲ.

ಬಿಟ್‌ಬೈಟ್:
ಕೈಯಲ್ಲಿ ಹಣ ಇದ್ದರೆ ಅದೇ ಸರಿ, ವಾದವೇ ಇಲ್ಲ. ಆದರೆ 1070 ಮಾರಿ ಬರೋದರಲ್ಲಿ 8 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇರೆಲ್ಲೂ ಸಿಗಲ್ಲ. ಇವರ ಹತ್ತಿರ ಈಗಾಗಲೇ ಇದೆ. ಹಾಕಿ ನೋಡಿ, ಬೇಡ ಅನ್ನಿಸಿದರೆ ಆಮೇಲೂ ಮಾರಬಹುದು. ಹೊಸದಾಗಿ ಕೊಂಡು ಹಾಕ್ತೀನಿ ಅನ್ನೋರಿಗೆ ನಾನು 1070 ಬೇಡ ಅಂತಲೇ ಹೇಳ್ತೀನಿ.

ಕಿಟಕಿಪಕ್ಕ:
ಸರಿ, ಹಾಗಾದರೆ ಮೊದಲು ಬ್ಯಾಕಪ್, ಆಮೇಲೆ ಡ್ರೈವ್ ಬದಲಾವಣೆ, ಆಮೇಲೆ ಕಾರ್ಡ್. ಭಾಷಾ ಮಾದರಿಗೆ ಅಂತಲೇ ಹಾಕ್ತೀನಿ. ಮಾನಿಟರನ್ನು 1070ಗೆ ಚುಚ್ಚುವ ಉಪಾಯವನ್ನೂ ಬ್ಲೆಂಡರ್‌ನಲ್ಲಿ ನೋಡ್ತೀನಿ. ಟೋಕನ್ ವೇಗ ಎಷ್ಟು ಬಂತು ಅಂತ ಇಲ್ಲೇ ಹಾಕ್ತೀನಿ.

ಹೊಸಹೆಜ್ಜೆ:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಹತ್ರ ಆರ್‌ಟಿಎಕ್ಸ್ 3060 12 ಜಿಬಿ ಇದೆ, ಹಳೇದು ಆರ್‌ಎಕ್ಸ್ 580 8 ಜಿಬಿ. ಒಂದು ಎನ್ವಿಡಿಯಾ, ಒಂದು ಎಎಂಡಿ. ಇದನ್ನೂ ಹೀಗೆ ಮಾಡಬಹುದಾ?

ಬಿಟ್‌ಬೈಟ್:
ಮಾಡಬಹುದು. ಎರಡರ ಡ್ರೈವರ್ ಬೇರೆ ಬೇರೆ, ಹಾಗಾಗಿ 3060ನ ಡ್ರೈವರ್ ಹಳೇದರಲ್ಲೇ ನಿಲ್ಲಿಸುವ ಗೋಜಿಲ್ಲ, ಅದು ನಿಮಗೆ ಅನುಕೂಲ. ಮಾದರಿ ಓಡಿಸೋಕೆ ಲಾಮಾ.ಸಿಪಿಪಿಯ ವಲ್ಕನ್ ಬಿಲ್ಡ್ ತಗೊಳ್ಳಿ, ಅದು ಎರಡು ಕಂಪನಿಯ ಕಾರ್ಡನ್ನೂ ಒಟ್ಟಿಗೆ ಬಳಸುತ್ತೆ. 580ರ ಮೆಮೊರಿ ವೇಗವೂ 256 ಜಿಬಿಯೇ, 1070ಯಷ್ಟೇ. ಬ್ಲೆಂಡರ್‌ನ ಸೈಕಲ್ಸ್‌ನಲ್ಲಿ ಮಾತ್ರ 580 ಲೆಕ್ಕಕ್ಕಿಲ್ಲ. ಕರೆಂಟು 185 ವ್ಯಾಟ್ ಎಳೆಯುತ್ತೆ, ಮೊದಲು ನಿಮ್ಮ ಪವರ್ ಸಪ್ಲೈ ಎಷ್ಟರದ್ದು, ಬೋರ್ಡ್ ಯಾವುದು ಅಂತ ಹೇಳಿ.